ಗೋಧಿ ಬೀಸಿದವರ ಋಣ ಮತ್ತು ನಮ್ಮ ಮೌನ

1908ರ ಜೂನ್ ತಿಂಗಳಲ್ಲಿ ಅಲೀಗಢದಲ್ಲಿ ಉರ್ದು ಪತ್ರಿಕೆಯೊಂದರ ಸಂಪಾದಕರನ್ನು ಪೊಲೀಸರು ಬಂಧಿಸಿದರು. ಅವರ ‘ಉರ್ದು-ಎ-ಮುಅಲ್ಲಾ’ ಪತ್ರಿಕೆಯಲ್ಲಿ ಈಜಿಪ್ಟಿನಲ್ಲಿ ಬ್ರಿಟಿಷರು ಅನುಸರಿಸುತ್ತಿದ್ದ ನೀತಿಯನ್ನು ಟೀಕಿಸಿದ ಲೇಖನವೊಂದು ಪ್ರಕಟವಾಗಿತ್ತು. ಲೇಖಕರ ಹೆಸರು ಅಚ್ಚಾಗಿರಲಿಲ್ಲ. ಬರೆದವರು ಯಾರೆಂದು ಹೇಳಿಬಿಟ್ಟಿದ್ದರೆ ಸಂಪಾದಕರ ಭಾರ ಹಗುರಾಗುತ್ತಿತ್ತು. ಆದರೆ ಅವರು ಹೇಳಲಿಲ್ಲ. ಲೇಖನದ ಹೊಣೆಯನ್ನು ಪೂರ್ತಿಯಾಗಿ ತಮ್ಮ ಮೇಲೆಯೇ ಎಳೆದುಕೊಂಡರು. ರಾಜದ್ರೋಹದ ಆರೋಪದಲ್ಲಿ ಅವರಿಗೆ ಕಠಿಣ ಸಜೆಯಾಯಿತು. ಅವರ ಪುಸ್ತಕ ಸಂಗ್ರಹ ದಂಡದ ಬಾಬ್ತು ಹರಾಜಾಗಿ ಹೋಯಿತು. ಅಲಹಾಬಾದಿನ ನೈನಿ ಜೈಲಿನಲ್ಲಿ ಲೇಖನಿ ಹಿಡಿದಿದ್ದ ಕೈಗೆ ಬೀಸುವ ಕಲ್ಲಿನ ಗೂಟವನ್ನು ಕೊಡಲಾಯಿತು. ದಿನವೊಂದಕ್ಕೆ ಒಂದು ಮಣ ಗೋಧಿ ಬೀಸಬೇಕಿತ್ತು. ಆ ಕೈದಿಯ ಹೆಸರು ಮೌಲಾನಾ ಹಸ್ರತ್ ಮೊಹಾನಿ.

ಅವರು ಬಂಧನಕ್ಕೊಳಗಾದ ದಿನ ಮನೆಯಲ್ಲಿ ಪುಟ್ಟ ಮಗಳು ತೀವ್ರ ಜ್ವರದಿಂದ ಮಲಗಿದ್ದಳು. ಪತ್ನಿ ನಿಶಾತುನ್ನಿಸಾ ಬೇಗಂ ಮತ್ತು ಒಬ್ಬ ಕೆಲಸದಾಕೆಯ ಹೊರತು ಮನೆಯಲ್ಲಿ ಬೇರಾರೂ ಇರಲಿಲ್ಲ. ಮರುದಿನವೇ ಪತ್ನಿಯ ಪತ್ರ ಜೈಲಿಗೆ ತಲಪಿತು. ಅದರಲ್ಲಿ ಅಳು ಇರಲಿಲ್ಲ, ದೂರು ಇರಲಿಲ್ಲ. ಬಂದ ಕಷ್ಟವನ್ನು ಗಂಡೆದೆಯಿಂದ ಎದುರಿಸಿ, ನನ್ನ ಬಗ್ಗೆಯಾಗಲಿ ಮನೆಯ ಬಗ್ಗೆಯಾಗಲಿ ಚಿಂತೆ ಬೇಡ, ನಿಮ್ಮಿಂದ ಯಾವ ದೌರ್ಬಲ್ಯವೂ ಪ್ರಕಟವಾಗದಿರಲಿ ಎಂಬುದೇ ಆ ಪತ್ರದ ಸಾರವಾಗಿತ್ತು.

ಈ ಪತ್ರದ ವಿಷಯ ಓದಿದಾಗಲೆಲ್ಲ ನನಗೆ ನನ್ನ ಕಿಸೆಯಲ್ಲಿರುವ ಮೊಬೈಲ್ ನೆನಪಾಗುತ್ತದೆ. ಅಂದು ಒಂದು ಲೇಖನ ಓದುಗರ ಕೈಸೇರಬೇಕಾದರೆ ಅಚ್ಚಿನ ಮೊಳೆ, ಕಾಗದ, ಅಂಚೆ, ಸರಕಾರಕ್ಕೆ ಕಟ್ಟಬೇಕಾದ ಠೇವಣಿ, ಕೊನೆಗೆ ಜೈಲು, ಇವಿಷ್ಟನ್ನೂ ದಾಟಬೇಕಿತ್ತು. ಇಂದು ನಮ್ಮ ಮಾತು ಸಾವಿರ ಮಂದಿಯನ್ನು ತಲಪಲು ಹೆಬ್ಬೆರಳ ಒಂದು ಸ್ಪರ್ಶ ಸಾಕು. ಆದರೆ ಆ ಹೆಬ್ಬೆರಳಿನಿಂದ ನಾವು ಮಾಡುತ್ತಿರುವುದೇನು? ಬಂದದ್ದನ್ನು ಓದದೆ ಮುಂದಕ್ಕೆ ತಳ್ಳುತ್ತಿದ್ದೇವೆ. ಹೇಳಲೇಬೇಕಾದಲ್ಲಿ ಸುಮ್ಮನಿದ್ದು, ಸುಮ್ಮನಿರಬೇಕಾದಲ್ಲಿ ಹರಟುತ್ತಿದ್ದೇವೆ. ಅವರು ಗಳಿಸಿಟ್ಟ ಆಸ್ತಿಯ ವಾರಸುದಾರರೆಂದು ವೇದಿಕೆಗಳಲ್ಲಿ ಎದೆಯುಬ್ಬಿಸುವ ನಾವು ನಿಜವಾಗಿ ಆ ಆಸ್ತಿಯನ್ನು ಕರಗಿಸುತ್ತಿರುವ ಮಕ್ಕಳು. ಈ ಮಾತು ಕಹಿಯೆನಿಸಬಹುದು. ಆದರೂ ಇದನ್ನು ನಮ್ಮೊಳಗೆ ನಾವೇ ಹೇಳಿಕೊಳ್ಳದಿದ್ದರೆ ಇನ್ನಾರು ಹೇಳಬೇಕು?

ಮೌಲಾನಾ ಅಬುಲ್ ಕಲಾಂ ಆಝಾದ್‌ರನ್ನೇ ನೋಡಿ. ನವೆಂಬರ್ 11 ಬಂತೆಂದರೆ ನಮ್ಮ ಶಾಲೆಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಆದರೆ 1912ರಲ್ಲಿ ಅವರು ಕಲ್ಕತ್ತಾದಲ್ಲಿ ಆರಂಭಿಸಿದ ‘ಅಲ್ ಹಿಲಾಲ್’ ಪತ್ರಿಕೆಗೆ ಏನಾಯಿತೆಂಬುದನ್ನು ನಮ್ಮ ಎಷ್ಟು ಮಕ್ಕಳು ಬಲ್ಲರು? 1910ರ ಪತ್ರಿಕಾ ಕಾಯ್ದೆಯಡಿ ಸರಕಾರವು ಮೊದಲು ಠೇವಣಿ ಕೇಳಿತು, ಅದನ್ನು ಮುಟ್ಟುಗೋಲು ಹಾಕಿತು, ಅದಕ್ಕಿಂತ ದೊಡ್ಡ ಮೊತ್ತ ಕೇಳಿತು. 1914ರಲ್ಲಿ ಪತ್ರಿಕೆ ನಿಂತಿತು. ಮರುವರ್ಷ ಅವರು ‘ಅಲ್ ಬಲಾಗ್’ ಆರಂಭಿಸಿದರು. 1916ರಲ್ಲಿ ಅವರನ್ನು ಬಂಗಾಳದಿಂದಲೇ ಹೊರಹಾಕಿ ರಾಂಚಿಯಲ್ಲಿ ನಿರ್ಬಂಧದಲ್ಲಿರಿಸಲಾಯಿತು. ಆ ಅವಧಿಯಲ್ಲಿ ಪೊಲೀಸರ ಶೋಧಕ್ಕೆ ಸಿಕ್ಕಿದ ಕಾಗದಗಳಲ್ಲಿ ಪವಿತ್ರ ಕುರ್‌ಆನಿನ ಅನುವಾದ ಮತ್ತು ವ್ಯಾಖ್ಯಾನದ ಅವರ ಹಸ್ತಪ್ರತಿಗಳೂ ಇದ್ದವು. ವರ್ಷಗಳ ದುಡಿಮೆಯದು. ಕೊನೆಗೆ ಹಿಂದಿರುಗಿ ಬಂದಾಗ ಅವು ಹರಿದು ಚೆಲ್ಲಾಪಿಲ್ಲಿಯಾದ ಕಾಗದದ ರಾಶಿಯಾಗಿದ್ದವು. ಆ ಜಾಗದಲ್ಲಿ ನಾವಿದ್ದರೆ ವಿಧಿಯನ್ನು ಹಳಿದು ಸುಮ್ಮನಾಗುತ್ತಿದ್ದೆವು. ಅವರು ಮತ್ತೆ ಮೊದಲಿನಿಂದ ಬರೆಯಲು ಕುಳಿತರು. ಇಂದು ನಾವು ‘ತರ್ಜುಮಾನುಲ್ ಕುರ್‌ಆನ್’ ಎಂದು ಗೌರವದಿಂದ ಕಪಾಟಿನಲ್ಲಿಟ್ಟಿರುವ ಗ್ರಂಥವು ಹೀಗೆ ಎರಡು ಬಾರಿ ಬರೆಯಲ್ಪಟ್ಟ ಗ್ರಂಥ.

1942ರಿಂದ ಅವರು ಅಹ್ಮದ್‌ನಗರದ ಕೋಟೆಯಲ್ಲಿ ಬಂಧಿಯಾಗಿದ್ದರು. 1943ರ ಏಪ್ರಿಲ್‌ನಲ್ಲಿ ಪತ್ನಿ ಝುಲೇಖಾ ಬೇಗಂ ಕಲ್ಕತ್ತಾದಲ್ಲಿ ಕೊನೆಯುಸಿರೆಳೆದರು. ಪತ್ನಿಯ ಕಾಯಿಲೆಯ ಸುದ್ದಿ ಬರುತ್ತಿದ್ದರೂ ಬ್ರಿಟಿಷ್ ಸರಕಾರದ ಮುಂದೆ ಕೈಯೊಡ್ಡಿ ಬಿಡುಗಡೆ ಬೇಡಲು ಅವರು ಒಪ್ಪಲಿಲ್ಲ. ಮಯ್ಯಿತ್ ನೋಡುವ ಭಾಗ್ಯವೂ ಅವರಿಗೆ ಒದಗಲಿಲ್ಲ. ಆ ಕೋಟೆಯೊಳಗೆ ಕುಳಿತು, ಕಳುಹಿಸಲಾಗದೆಂದು ತಿಳಿದೂ ಗೆಳೆಯರಿಗೆ ಬರೆದ ಪತ್ರಗಳೇ 1946ರಲ್ಲಿ ‘ಗುಬಾರೆ ಖಾತಿರ್’ ಎಂಬ ಕೃತಿಯಾಗಿ ಹೊರಬಂದವು.

ಇಲ್ಲಿ ಒಂದು ಸತ್ಯವನ್ನು ನಾವು ಮರೆಯಬಾರದು. ಬರೆದ ಮತ್ತು ಆಡಿದ ಮಾತಿಗಾಗಿ ಜೈಲು ಕಂಡ ಈ ಇಬ್ಬರೂ, ಹಸ್ರತ್ ಮೊಹಾನಿ ಮತ್ತು ಆಝಾದ್, ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. 1949ರ ನವೆಂಬರ್ 26ರಂದು ಆ ಸಭೆ ಅಂಗೀಕರಿಸಿದ ಸಂವಿಧಾನದ 19(1)(ಎ) ವಿಧಿಯು ಪ್ರತಿಯೊಬ್ಬ ಪೌರನಿಗೂ ವಾಕ್ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯವನ್ನು ಮೂಲಭೂತ ಹಕ್ಕಾಗಿ ನೀಡಿತು. ಈ ಒಂದು ಸಾಲಿನ ಹಿಂದೆ ಬಿಲ್ವರಿದ ಬೆನ್ನುಗಳಿವೆ, ಹರಾಜಾದ ಪುಸ್ತಕಗಳಿವೆ, ಮಂಡಾಲೆಯ ಜೈಲಿನಲ್ಲಿ ಕಳೆದ ಬಾಲಗಂಗಾಧರ ತಿಲಕರ ಆರು ವರ್ಷಗಳಿವೆ. ನಮಗೆ ಅದು ಗಾಳಿ ಬೆಳಕಿನಂತೆ ಪುಕ್ಕಟೆಯಾಗಿ ಸಿಕ್ಕಿತು. ಪುಕ್ಕಟೆಯಾಗಿ ಸಿಕ್ಕಿದ್ದರ ಬೆಲೆ ತಿಳಿಯಬೇಕಾದರೆ ಅದನ್ನು ಕಳಕೊಳ್ಳಬೇಕಾಗುತ್ತದೆ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಈ ದೇಶ ಅದನ್ನು ಒಮ್ಮೆ ಕಳಕೊಂಡೂ ಇತ್ತು. ಅಂದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಬಂಧಿಯಾಗಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿ, ಉಬ್ಬಸದಿಂದ ನರಳುತ್ತಲೇ ಜೈಲಿನ ದಿನಚರಿ ಬರೆದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಜೈಲು ಇದ್ದ ಜಾಗವೇ ಇಂದಿನ ಫ್ರೀಡಂ ಪಾರ್ಕ್. ಪ್ರತಿಭಟನೆಗೆಂದು ನಾವು ಅಲ್ಲಿ ಶಾಮಿಯಾನ ಹಾಕಿ ಕುಳಿತಾಗ, ಒಂದು ಕಾಲದಲ್ಲಿ ಅದೇ ನೆಲದಲ್ಲಿ ಯಾರು ಕುಳಿತಿದ್ದರೆಂದು ಕೇಳಿಕೊಂಡವರು ಎಷ್ಟು ಮಂದಿ?

ಇನ್ನು ನಮ್ಮ ಧಾರ್ಮಿಕ ಪರಂಪರೆಯ ಕಡೆಗೆ ಬರೋಣ. ಇಲ್ಲಿಯೂ ಒಂದು ಅರ್ಧಸತ್ಯವನ್ನು ಹೇಳಿ ಅರ್ಧವನ್ನು ನುಂಗುವ ಅಭ್ಯಾಸ ನಮಗಿದೆ. ಇಮಾಮ್ ಅಬೂ ಹನೀಫಾ(ರ) ನ್ಯಾಯಾಧೀಶ ಹುದ್ದೆಯನ್ನು ತಿರಸ್ಕರಿಸಿ ಜೈಲು ಸೇರಿದರು, ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಚಾಟಿಯೇಟು ತಿಂದರು, ಇಮಾಮ್ ಇಬ್ನು ತೈಮಿಯ್ಯ(ರ) ದಮಾಸ್ಕಸಿನ ಕೋಟೆಯಲ್ಲಿ ಕೈದಿಯಾಗಿದ್ದಾಗ ಲೇಖನಿ ಮತ್ತು ಕಾಗದವನ್ನು ಕಸಿದುಕೊಂಡರೂ ಇದ್ದಿಲಿನಿಂದ ಬರೆದು 1328ರಲ್ಲಿ ಅಲ್ಲಿಯೇ ಮರಣ ಹೊಂದಿದರು, ಇಮಾಮ್ ಸರಖ್ಸೀ(ರ) ಬಾವಿಯಂತಹ ಗುಂಡಿಯೊಳಗಿನ ಬಂಧನದಿಂದಲೇ ಮೇಲೆ ಕುಳಿತ ಶಿಷ್ಯರಿಗೆ ‘ಅಲ್ ಮಬ್ಸೂತ್’ ಎಂಬ ಬೃಹತ್ ಗ್ರಂಥವನ್ನು ಬರೆಸಿದರು ಎಂದೆಲ್ಲ ನಮ್ಮ ಖುತ್ಬಾಗಳಲ್ಲಿ ಕೇಳುತ್ತೇವೆ. ಕೇಳಿ ಕಣ್ಣೊದ್ದೆ ಮಾಡಿಕೊಳ್ಳುತ್ತೇವೆ. ಆದರೆ ಇವರನ್ನೆಲ್ಲ ಜೈಲಿಗೆ ತಳ್ಳಿದವರು ಯಾರು? ಶತ್ರು ಸೈನ್ಯವೇ? ವಿದೇಶಿ ವಸಾಹತುಶಾಹಿಯೇ? ಅಲ್ಲ. ಕಲಿಮಾ ಹೇಳುವ, ನಮಾಝ್ ಮಾಡುವ ಖಲೀಫರು, ಸುಲ್ತಾನರು, ಅವರ ಆಸ್ಥಾನದ ವಿದ್ವಾಂಸರು.

ಇಮಾಮ್ ಅಹ್ಮದ್‌ರ ಪ್ರಕರಣವಂತೂ ಗಮನಾರ್ಹ. ಕ್ರಿ.ಶ. 833ರಲ್ಲಿ ವಿದ್ವಾಂಸರ ವಿಶ್ವಾಸದ ಪರೀಕ್ಷೆಯನ್ನು ಆರಂಭಿಸಿದ ಖಲೀಫ ಮಾಮೂನ್ ಅವಿದ್ಯಾವಂತ ಕ್ರೂರಿಯಾಗಿರಲಿಲ್ಲ. ಗ್ರೀಕ್ ತತ್ವಶಾಸ್ತ್ರ ಮತ್ತು ವಿಜ್ಞಾನದ ಗ್ರಂಥಗಳ ಅನುವಾದಕ್ಕೆ ಬಗ್ದಾದಿನಲ್ಲಿ ಬೆಂಬಲ ನೀಡಿದ ಜ್ಞಾನಪ್ರಿಯನೆಂದು ಚರಿತ್ರೆ ಅವನನ್ನು ಹೊಗಳುತ್ತದೆ. ಅಂತಹವನಿಗೂ ಕುರ್‌ಆನ್ ಸೃಷ್ಟಿಯೆಂಬ ತನ್ನ ವಾದವನ್ನು ಎಲ್ಲರೂ ಒಪ್ಪಲೇಬೇಕೆಂಬ ಹಠವಿತ್ತು. ಒಪ್ಪದವರಿಗೆ ಸೆರೆ ಕಾದಿತ್ತು. ಅವನ ನಂತರ ಮುಅ್‌ತಸಿಮನ ಕಾಲದಲ್ಲಿ ಇಮಾಮರ ಮೇಲೆ ಚಾಟಿ ಬೀಸಲಾಯಿತು. ಇದರ ಪಾಠ ಸರಳವಾಗಿದೆ. ತನ್ನ ಅಭಿಪ್ರಾಯವೇ ಸತ್ಯವೆಂದು ನಂಬಿದ ಅಧಿಕಾರದ ಕೈಗೆ ಬೀಗದ ಕೈ ಸಿಕ್ಕಿದರೆ, ಆ ಅಧಿಕಾರದ ಬಣ್ಣ ಯಾವುದಾದರೂ ಜೈಲಿನ ಗೋಡೆಯ ದಪ್ಪ ಒಂದೇ.

ಈ ಪಾಠವನ್ನು ನಾವು ನುಂಗಿಬಿಟ್ಟದ್ದರಿಂದಲೇ ಇಂದು ನಮ್ಮ ಸಿಟ್ಟಿಗೆ ಒಂದು ಕಣ್ಣು ಮಾತ್ರ ಇದೆ. 2024ರ ಡಿಸೆಂಬರ್ 1ರಂದು ಜಗತ್ತಿನಾದ್ಯಂತ 361 ಪತ್ರಕರ್ತರು ಜೈಲುಗಳಲ್ಲಿದ್ದರೆಂದು ಪತ್ರಕರ್ತರ ರಕ್ಷಣೆಗಾಗಿ ದುಡಿಯುವ ಅಂತಾರಾಷ್ಟ್ರೀಯ ಸಮಿತಿಯೊಂದು ಲೆಕ್ಕ ಹಾಕಿತ್ತು. ಚೀನಾ, ಇಸ್ರೇಲ್ ಮತ್ತು ಮ್ಯಾನ್ಮಾರ್ ಆ ಪಟ್ಟಿಯ ಮೊದಲ ಸಾಲಿನಲ್ಲಿದ್ದವು. ಫೆಲೆಸ್ತೀನಿನ ಪತ್ರಕರ್ತರ ಬಗ್ಗೆ ನಾವು ಮಾತನಾಡುತ್ತೇವೆ. ಮಾತನಾಡಲೇಬೇಕು. ಆದರೆ ಅದೇ ಪಟ್ಟಿಯ ಮೇಲ್ಭಾಗದಲ್ಲಿ ಈಜಿಪ್ಟ್, ಇರಾನ್, ಸೌದಿ ಅರೇಬಿಯಾಗಳ ಹೆಸರೂ ಇತ್ತಲ್ಲ, ಆ ಕೈದಿಗಳಿಗಾಗಿ ನಮ್ಮ ಯಾವ ವೇದಿಕೆಯಲ್ಲಿ ಒಂದು ಠರಾವು ಮಂಡನೆಯಾಯಿತು? ನ್ಯಾಯದ ಪರವಾಗಿ ದೃಢವಾಗಿ ನಿಲ್ಲಿರಿ, ಅದು ಸ್ವತಃ ನಿಮ್ಮ, ನಿಮ್ಮ ಹೆತ್ತವರ ಮತ್ತು ಬಂಧುಗಳ ವಿರುದ್ಧವಾಗಿದ್ದರೂ ಸರಿಯೇ ಎಂದು ಸತ್ಯವಿಶ್ವಾಸಿಗಳಿಗೆ ಪವಿತ್ರ ಕುರ್‌ಆನ್ (4:135) ಆಜ್ಞಾಪಿಸುತ್ತದೆ. ಈ ಆಜ್ಞೆಯಲ್ಲಿ ನಮ್ಮ ಪಾಳಯ, ಅವರ ಪಾಳಯ ಎಂಬ ವಿನಾಯಿತಿ ಎಲ್ಲಿದೆ?

ಇಂಡೋನೇಷ್ಯಾದ ಇಬ್ಬರು ಬರಹಗಾರರ ಕಥೆ ಈ ವಿಷಯದಲ್ಲಿ ನಮ್ಮ ಕಣ್ತೆರೆಸಬಲ್ಲದು. ಹಮ್ಕಾ ಧಾರ್ಮಿಕ ವಿದ್ವಾಂಸರು ಮತ್ತು ಕಾದಂಬರಿಕಾರರು. ಪ್ರಮುದ್ಯಾ ಅನಂತ ತೂರ್ ಎಡಪಂಥೀಯ ಲೇಖಕರು. 1960ರ ದಶಕದ ಆರಂಭದಲ್ಲಿ ಪ್ರಮುದ್ಯಾ ನೋಡಿಕೊಳ್ಳುತ್ತಿದ್ದ ಪತ್ರಿಕಾ ಪುಟವು ಹಮ್ಕಾರ ಮೇಲೆ ಕೃತಿಚೌರ್ಯದ ಆರೋಪ ಹೊರಿಸಿ ಬಹುಕಾಲ ದಾಳಿ ನಡೆಸಿತು. 1964ರಲ್ಲಿ ಅಧ್ಯಕ್ಷ ಸುಕರ್ನೋರ ಸರಕಾರ ಹಮ್ಕಾರನ್ನು ಜೈಲಿಗಟ್ಟಿತು. ಎರಡು ವರ್ಷಕ್ಕೂ ಮಿಕ್ಕಿದ ಆ ಸೆರೆವಾಸದಲ್ಲಿ ಅವರು ‘ತಫ್ಸೀರ್ ಅಲ್ ಅಝ್ಹರ್’ ಎಂಬ ಕುರ್‌ಆನ್ ವ್ಯಾಖ್ಯಾನದ ಬಹುಭಾಗವನ್ನು ಬರೆದರು. ಅಷ್ಟರಲ್ಲಿ ಕಾಲಚಕ್ರ ತಿರುಗಿತು. 1965ರಲ್ಲಿ ಪ್ರಮುದ್ಯಾ ಬಂಧಿತರಾದರು, ಅವರ ಗ್ರಂಥಾಲಯ ಬೆಂಕಿಗಾಹುತಿಯಾಯಿತು. ಯಾವ ವಿಚಾರಣೆಯೂ ಇಲ್ಲದೆ 14 ವರ್ಷ ಅವರನ್ನು ಸೆರೆಯಲ್ಲಿಡಲಾಯಿತು. ಅದರಲ್ಲಿ ಹತ್ತು ವರ್ಷ ಬುರು ಎಂಬ ದ್ವೀಪದಲ್ಲಿ. ಬರೆಯಲು ಕಾಗದ ಸಿಗದಿದ್ದ ಕಾಲದಲ್ಲಿ ಅವರು ತಮ್ಮ ಕಾದಂಬರಿಯನ್ನು ಸಹಕೈದಿಗಳಿಗೆ ಬಾಯಿಯಲ್ಲೇ ಹೇಳಿದರು. ಮುಂದೆ ಅದನ್ನು ಬರಹಕ್ಕಿಳಿಸಿದರು. 1980ರಲ್ಲಿ ಪ್ರಕಟವಾದ ಆ ಕೃತಿಯನ್ನು ಮರುವರ್ಷವೇ ಸರಕಾರ ನಿಷೇಧಿಸಿತು.

ತಮ್ಮನ್ನು ಜೈಲಿಗೆ ಹಾಕಿದ ಸುಕರ್ನೋ 1970ರಲ್ಲಿ ತೀರಿಕೊಂಡಾಗ ಅವರ ಜನಾಝಾ ನಮಾಝ್‌ಗೆ ನೇತೃತ್ವ ನೀಡಿದವರು ಹಮ್ಕಾ. ಪ್ರಮುದ್ಯಾ ತಮ್ಮ ಮಗಳನ್ನು ವರಿಸಲಿದ್ದ ಯುವಕನಿಗೆ ಇಸ್ಲಾಮಿನ ಪಾಠ ಹೇಳಿಸಲು ಕಳುಹಿಸಿದ್ದು ಕೂಡ ಅದೇ ಹಮ್ಕಾರ ಬಳಿಗೆ ಎಂದು ಅಲ್ಲಿನವರು ನೆನಪಿಸಿಕೊಳ್ಳುತ್ತಾರೆ. ಇಂದು ನನ್ನ ಎದುರಾಳಿಯ ಬಾಯಿಗೆ ಬೀಗ ಹಾಕುವ ಕೈ ನಾಳೆ ನನ್ನ ಬಾಗಿಲಿಗೂ ಬರುತ್ತದೆ. ಆದ್ದರಿಂದ ನಾನು ಒಪ್ಪದ ಮಾತನ್ನಾಡುವವನ ಹಕ್ಕನ್ನು ಕಾಯುವುದು ಅವನ ಮೇಲಿನ ಉಪಕಾರವಲ್ಲ, ನನ್ನದೇ ರಕ್ಷಣೆ.

ಈಗ ನಮ್ಮ ಮನೆಯೊಳಗೆ ಇಣುಕೋಣ. ವಾಟ್ಸಾಪಿನಲ್ಲಿ ಬಂದ ಸುದ್ದಿಯನ್ನು ಪರಿಶೀಲಿಸದೆ ಮುಂದಕ್ಕೆ ಕಳುಹಿಸುವುದು ನಮಗೆ ತಪ್ಪೆಂದೇ ಅನಿಸುವುದಿಲ್ಲ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬ ವ್ಯಕ್ತಿ ಸುಳ್ಳನೆನಿಸಿಕೊಳ್ಳಲು ಸಾಕೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ಸುದ್ದಿ ತಂದವನ ಮಾತನ್ನು ಪರೀಕ್ಷಿಸಿರಿ, ಇಲ್ಲವಾದರೆ ಅರಿಯದೆ ಒಂದು ಜನತೆಗೆ ಹಾನಿಯೆಸಗಿ ಆಮೇಲೆ ಪರಿತಪಿಸಬೇಕಾದೀತು ಎಂದು ಕುರ್‌ಆನ್ (49:6) ತಾಕೀತು ಮಾಡಿದೆ. ಅನ್ಯರಿಗೆ ಬೋಧಿಸಲು ನಾನು ಇದನ್ನು ಬರೆಯುತ್ತಿಲ್ಲ. ಪಕ್ಕದ ತಾಲೂಕಿನಲ್ಲಿ ಗಲಾಟೆಯಾಗಿದೆಯೆಂಬ ಧ್ವನಿಮುದ್ರಿಕೆಯೊಂದನ್ನು ನಾನೂ ಒಮ್ಮೆ ಕುಟುಂಬದ ಗುಂಪಿಗೆ ಕಳುಹಿಸಿದ್ದೆ. ಅದು ಸುಳ್ಳೆಂದು ಸಂಜೆಗೆ ತಿಳಿಯಿತು. ಅಳಿಸಲು ಎರಡು ಕ್ಷಣ ಸಾಕಾಯಿತು. ನಾನು ಕಳುಹಿಸಿದ್ದು ಸುಳ್ಳು, ಕ್ಷಮಿಸಿ ಎಂದು ಅದೇ ಗುಂಪಿನಲ್ಲಿ ಬರೆಯಲು ನಾಲ್ಕು ದಿನ ಬೇಕಾಯಿತು. ಹಸ್ರತ್ ಮೊಹಾನಿ ಇನ್ನೊಬ್ಬರು ಬರೆದ ಸತ್ಯಕ್ಕಾಗಿ ಗೋಧಿ ಬೀಸಿದರು. ನನಗೆ ನಾನೇ ಹಂಚಿದ ಸುಳ್ಳಿನ ಹೊಣೆ ಹೊರಲು ನಾಲ್ಕು ದಿನಗಳ ಧೈರ್ಯಸಂಗ್ರಹ ಬೇಕಾಯಿತು!

ಮಾತಿನ ದುರ್ಬಳಕೆ ಒಂದು ಕಡೆಯಾದರೆ ಮೌನದ ದುರ್ಬಳಕೆ ಇನ್ನೊಂದು ಕಡೆ. ವರದಕ್ಷಿಣೆ ಕೊಟ್ಟು ನಡೆಯುವ ನಿಕಾಹ್‌ನಲ್ಲಿ ಬಿರಿಯಾನಿಯ ರುಚಿಯ ಬಗ್ಗೆ ಅಭಿಪ್ರಾಯ ಹೇಳುವ ನಮಗೆ ವರದಕ್ಷಿಣೆಯ ಬಗ್ಗೆ ಹೇಳಲು ನಾಲಗೆ ಏಳುವುದಿಲ್ಲ. ಜಮಾಅತಿನ ಮಹಾಸಭೆಯಲ್ಲಿ ಲೆಕ್ಕಪತ್ರ ಕೇಳಿದ ಯುವಕನನ್ನು ತಲೆಹರಟೆಯೆಂದು ಕರೆದು ಕುಳ್ಳಿರಿಸುತ್ತೇವೆ. ಮಸೀದಿಯಲ್ಲಿ ತಮಗೂ ಸ್ವಲ್ಪ ಜಾಗ ಬೇಕೆಂದು ಕೇಳಿದ ಹೆಣ್ಣುಮಕ್ಕಳ ಪತ್ರಕ್ಕೆ ಉತ್ತರವನ್ನೂ ಕೊಡುವುದಿಲ್ಲ. ಮರುದಿನ ಅದೇ ನಾವು ಬೀದಿಗಿಳಿದು ಅಭಿವ್ಯಕ್ತಿ ಸ್ವಾತಂತ್ರ್ಯ ಅಪಾಯದಲ್ಲಿದೆಯೆಂದು ಘೋಷಣೆ ಕೂಗುತ್ತೇವೆ. ಜುಮಾ ಖುತ್ಬಾ ನೀಡುತ್ತಿದ್ದ ಖಲೀಫ ಉಮರ್(ರ)ರನ್ನು ತಡೆದು ಮೈಮೇಲಿನ ಬಟ್ಟೆಯ ಲೆಕ್ಕ ಕೇಳಿದ ಪ್ರಸಂಗವನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಸಮುದಾಯದಲ್ಲಿ ಒಂದು ಸಮಿತಿಯ ಅಧ್ಯಕ್ಷರಿಗೆ ಪ್ರಶ್ನೆ ಕೇಳುವುದು ಅಪರಾಧವಾದದ್ದು ಯಾವಾಗ?

ಇಲ್ಲೊಂದು ಆಕ್ಷೇಪ ಏಳುತ್ತದೆ. ಇಂದಿನ ಪರಿಸ್ಥಿತಿಯಲ್ಲಿ ಬಾಯಿ ತೆರೆದರೆ ಅಪಾಯವಲ್ಲವೇ? ಮುಸ್ಲಿಮರಿಗೆ ಮಾತು ಅಗ್ಗವೇ? ಈ ಭಯವನ್ನು ನಾನು ಗೇಲಿ ಮಾಡುವುದಿಲ್ಲ, ಏಕೆಂದರೆ ಅದು ಕಲ್ಪಿತವಲ್ಲ. ಕೇರಳದ ಪತ್ರಕರ್ತ ಸಿದ್ದೀಕ್ ಕಾಪ್ಪನ್‌ರನ್ನು 2020ರ ಅಕ್ಟೋಬರ್ 5ರಂದು ಹಾಥ್ರಸ್‌ಗೆ ಹೋಗುವ ದಾರಿಯಲ್ಲಿ ಬಂಧಿಸಲಾಯಿತು. ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಜಾಮೀನು ನೀಡಿತು. ಇನ್ನೊಂದು ಪ್ರಕರಣದಿಂದಾಗಿ ಹೊರಬರಲು 2023ರ ಫೆಬ್ರವರಿಯಾಗಬೇಕಾಯಿತು. ಅವರು ಸೆರೆಯಲ್ಲಿದ್ದಾಗಲೇ ತಾಯಿ ತೀರಿಕೊಂಡರು. ಆರೋಪಗಳ ಸತ್ಯಾಸತ್ಯತೆಯನ್ನು ನಿರ್ಧರಿಸಬೇಕಾದದ್ದು ನ್ಯಾಯಾಲಯ. ಆದರೆ ವಿಚಾರಣೆ ಮುಗಿಯುವ ಮುನ್ನವೇ 28 ತಿಂಗಳು ಕಳೆದುಹೋದವೆಂಬುದು ನಮ್ಮೆದುರಿಗಿರುವ ಸತ್ಯ. ರಾಜದ್ರೋಹದ ಹಳೆಯ 124ಎ ಸೆಕ್ಷನನ್ನು 2022ರ ಮೇಯಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿದಾಗ ನಿಟ್ಟುಸಿರುಬಿಟ್ಟವರಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 152ನೇ ಸೆಕ್ಷನ್ ಎದುರಾಗಿದೆ. ಭಯಕ್ಕೆ ಕಾರಣಗಳಿವೆ.

ಆದರೆ ಯೋಚಿಸಿ. ವರದಕ್ಷಿಣೆಯನ್ನು ಖಂಡಿಸಿದರೆ ಯಾವ ಸೆಕ್ಷನ್ ಹಾಕುತ್ತಾರೆ? ಜಮಾಅತಿನ ಲೆಕ್ಕ ಕೇಳಿದರೆ ಯಾವ ಜೈಲು? ಊರಿನ ಶಾಲೆಗೆ ಶಿಕ್ಷಕರಿಲ್ಲವೆಂದು ಗ್ರಾಮಸಭೆಯಲ್ಲಿ ಎದ್ದು ನಿಂತರೆ ಯಾರು ಬಂಧಿಸುತ್ತಾರೆ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ ಸಾಕು. ಪತ್ರಿಕೆಗೊಂದು ಓದುಗರ ಪತ್ರ ಬರೆಯಲು ಅರ್ಧ ಗಂಟೆ ಸಾಕು. ಅಪಾಯವಿಲ್ಲದ ಈ ನೂರು ಜಾಗಗಳಲ್ಲಿಯೂ ಮೌನವಾಗಿರುವ ನಾವು, ಅಪಾಯವಿರುವ ಒಂದು ಜಾಗವನ್ನು ತೋರಿಸಿ ನಮ್ಮ ಮೌನಕ್ಕೆ ಸಮರ್ಥನೆ ಹುಡುಕುತ್ತಿದ್ದೇವೆ. ಹೆಚ್ಚಿನವರ ಮೌನಕ್ಕೆ ಕಾರಣ ಭಯವಲ್ಲ, ಸೋಮಾರಿತನ. ಭಯವೆಂಬುದು ಅದಕ್ಕೆ ನಾವು ತೊಡಿಸಿದ ಮರ್ಯಾದೆಯ ಅಂಗಿ. ಅನ್ಯಾಯದ ಆಳರಸನ ಮುಂದೆ ಆಡುವ ಸತ್ಯದ ಮಾತು ಶ್ರೇಷ್ಠ ಜಿಹಾದ್ ಎಂದು ಪ್ರವಾದಿ(ಸ) ಹೇಳಿದ್ದಾರೆ. ಎಲ್ಲರಿಗೂ ಆ ಎತ್ತರ ಸಾಧ್ಯವಾಗದು, ನಿಜ. ಆದರೆ ಬೆಟ್ಟ ಹತ್ತಲಾಗದವನು ಮೆಟ್ಟಿಲನ್ನೂ ಹತ್ತಬಾರದೆಂದಿದೆಯೇ?

ಇನ್ನೊಂದು ಆಕ್ಷೇಪವೂ ಇದೆ. ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಲ್ಲಿ ನಮ್ಮ ಪ್ರವಾದಿಯವರನ್ನೇ(ಸ) ನಿಂದಿಸುತ್ತಾರಲ್ಲ, ಅದನ್ನೂ ಸಮರ್ಥಿಸಬೇಕೇ? ಖಂಡಿತ ಇಲ್ಲ. ನಿಂದನೆಯು ನಿಂದನೆಯೇ, ಅದರಿಂದ ನಮಗಾಗುವ ನೋವು ಸತ್ಯ. ಆದರೆ ಮಕ್ಕಾದ ಹದಿಮೂರು ವರ್ಷಗಳಲ್ಲಿ ಕವಿಯೆಂದೂ ಹುಚ್ಚನೆಂದೂ ಜಾದೂಗಾರನೆಂದೂ ಕರೆಯಲ್ಪಟ್ಟ ಪ್ರವಾದಿ(ಸ) ಅದಕ್ಕೆ ಕೊಟ್ಟ ಉತ್ತರವೇನು? ಇನ್ನಷ್ಟು ಸ್ಪಷ್ಟವಾದ ಮಾತು ಮತ್ತು ಇನ್ನಷ್ಟು ಶುದ್ಧವಾದ ನಡತೆ. ಮದೀನಾದಲ್ಲಿ ವಿರೋಧಿ ಕವಿಗಳಿಗೆ ಉತ್ತರಿಸಲು ಅವರು ಮುಂದಿಟ್ಟದ್ದು ಹಸ್ಸಾನ್ ಬಿನ್ ಸಾಬಿತ್‌ರ(ರ) ಕಾವ್ಯವನ್ನು. ಕಲ್ಲೆಸೆಯುವ ಹತ್ತು ಕೈಗಳಿಗಿಂತ ಬರೆಯಬಲ್ಲ ಒಂದು ಕೈ ಆ ಪರಂಪರೆಗೆ ಹತ್ತಿರವಾದದ್ದು. ಕನ್ನಡದಲ್ಲಿ ಅಂತಹ ಎಷ್ಟು ಕೈಗಳನ್ನು ನಾವು ಬೆಳೆಸಿದ್ದೇವೆ? ವೈದ್ಯ, ಇಂಜಿನಿಯರ್ ಆಗಲು ಮಕ್ಕಳಿಗೆ ಲಕ್ಷಗಟ್ಟಲೆ ಸುರಿಯುವ ನಾವು ಪತ್ರಿಕೋದ್ಯಮ ಓದುವೆನೆಂದ ಮಗಳಿಗೆ ಏನು ಹೇಳುತ್ತೇವೆ?

ಪ್ರವಾದಿ ಯೂಸುಫ್(ಅ)ರನ್ನು ನೆನೆಯಿರಿ. ಅವರು ಪಾಪದ ಕರೆಗಿಂತ ಸೆರೆಮನೆಯನ್ನು ಆರಿಸಿಕೊಂಡರು. ಸೆರೆಮನೆಯೊಳಗೂ ಅವರ ಮಾತು ನಿಲ್ಲಲಿಲ್ಲ. ಕನಸಿನ ಅರ್ಥ ಕೇಳಲು ಬಂದ ಇಬ್ಬರು ಸಹಕೈದಿಗಳಿಗೆ ಅವರು ಮೊದಲು ಏಕದೇವತ್ವದ ಪಾಠ ಹೇಳಿದರು. ಮುಂದೆ ಅರಸನ ಕನಸಿನ ಅರ್ಥವನ್ನೂ, ಬರಗಾಲವನ್ನು ಎದುರಿಸುವ ಉಪಾಯವನ್ನೂ ತಿಳಿಸಿದ್ದು ಆ ಗೋಡೆಗಳ ನಡುವಿನಿಂದಲೇ. ಗೋಡೆಗಳಿಲ್ಲದ ನಾವು ಯಾರಿಗೆ ಏನು ಹೇಳುತ್ತಿದ್ದೇವೆ? ಲೇಖನಿಯ ಮೂಲಕ ಕಲಿಸಿದವನೆಂದು ತನ್ನನ್ನು ಪರಿಚಯಿಸಿಕೊಂಡ ಅಲ್ಲಾಹನು, ಆಡುವ ಪ್ರತಿಯೊಂದು ಮಾತನ್ನೂ ದಾಖಲಿಸುವ ಕಾವಲುಗಾರರಿದ್ದಾರೆಂದೂ (50:18) ತಿಳಿಸಿದ್ದಾನೆ. ನಾಲಗೆ ಒಂದು ಅಮಾನತ್. ಅಮಾನತ್ತಿನ ವಿಷಯದಲ್ಲಿ ಅದನ್ನು ಹೇಗೆ ಖರ್ಚು ಮಾಡಿದೆಯೆಂಬ ಪ್ರಶ್ನೆಯೂ ಇದೆ, ಏಕೆ ಹೂತಿಟ್ಟೆಯೆಂಬ ಪ್ರಶ್ನೆಯೂ ಇದೆ.

ಕೊನೆಯದಾಗಿ ಆ ಪತ್ರಕ್ಕೇ ಹಿಂತಿರುಗುತ್ತೇನೆ. ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ನಿಶಾತುನ್ನಿಸಾ ಬೇಗಂ ಜೈಲಿಗೆ ಬರೆದದ್ದು ಧೈರ್ಯದ ಪತ್ರ. ಹಸ್ರತ್‌ರ ಲೇಖನಿಯ ಹಿಂದೆ ಅಂತಹ ಒಂದು ಮನೆಯಿತ್ತು. ನಮ್ಮ ಮನೆಗಳಲ್ಲಿ ಮಗನೊಬ್ಬ ಅನ್ಯಾಯದ ವಿರುದ್ಧ ನಾಲ್ಕು ಸಾಲು ಬರೆದರೆ, ಮಗಳೊಬ್ಬಳು ತರಗತಿಯಲ್ಲಿ ಎದ್ದು ಪ್ರಶ್ನೆ ಕೇಳಿದರೆ ಮೊದಲು ಹೊರಡುವ ಮಾತು ಯಾವುದು? ಊರ ಉಸಾಬರಿ ನಿನಗೇಕೆ, ಸುಮ್ಮನೆ ಓದಿ ಕೆಲಸ ಹಿಡಿ ಎಂಬುದು ತಾನೇ? ಪ್ರೀತಿಯಿಂದಲೇ ಹಾಗೆ ಹೇಳುತ್ತೇವೆ, ಮಕ್ಕಳ ಸುರಕ್ಷತೆಗಾಗಿಯೇ ಹೇಳುತ್ತೇವೆ. ಆದರೆ ಒಂದು ತಲೆಮಾರಿನ ನಾಲಗೆ ಸಾಯಲು ಜೈಲೇ ಬೇಕೆಂದಿಲ್ಲ. ಊಟದ ತಟ್ಟೆಯ ಮುಂದೆ ಹೇಳುವ ಆ ಒಂದು ಮಾತೂ ಸಾಕು.

ಇಂದು ರಾತ್ರಿ ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ ಮಕ್ಕಳಿಗೆ ಹಸ್ರತ್ ಮೊಹಾನಿಯವರ ಬೀಸುವ ಕಲ್ಲಿನ ಕಥೆಯನ್ನು ಹೇಳಿರಿ. ಅವರ ಪತ್ನಿಯ ಪತ್ರದ ಕಥೆಯನ್ನೂ ಹೇಳಿರಿ. ಆಮೇಲೆ, ನಿನಗೆ ಎಲ್ಲಿ ಅನ್ಯಾಯ ಕಾಣುತ್ತಿದೆ ಮಗೂ, ನೀನು ಏನು ಹೇಳಬಯಸುತ್ತೀ ಎಂದು ಕೇಳಿರಿ. ಅವರು ಹೇಳುವುದು ನಮ್ಮ ವಿರುದ್ಧವಾಗಿದ್ದರೂ ಕೊನೆಯವರೆಗೆ ಕೇಳಿರಿ. ಗೋಧಿ ಬೀಸಿದವರ ಋಣ ತೀರಿಸಲು ನಮ್ಮಿಂದ ಆಗುವ ಮೊದಲ ಕಂತು ಇದು. ಸತ್ಯವನ್ನು ನುಡಿಯುವ ಧೈರ್ಯವನ್ನೂ, ಸುಳ್ಳಿನಿಂದ ನಾಲಗೆಯನ್ನು ಕಾಯುವ ಎಚ್ಚರವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.